ನಿಂತ ಮದ್ದು, ನಿಲ್ಲದ ಕೈ

ನಮ್ಮ ಐಸಿಯುಗೆ ಒಂದು ಕಿಟಕಿ ಇತ್ತು. ಏಸಿಯ ತಂಪು ಬಿಸಿಲಿಗೆ ಸೋಲಬಾರದೆಂದು ಅದರ ಗಾಜಿಗೆ ಹಸಿರು ಕಾಗದ ಅಂಟಿಸಿದ್ದರು. ಹಗರಿಬೊಮ್ಮನಹಳ್ಳಿಯ ಬೇಸಿಗೆ ಆ ಕಾಗದದಲ್ಲಿ ಸೋಸಿಕೊಂಡು ಒಳಗೆ ಬರುವ ಹೊತ್ತಿಗೆ ಹಿನ್ನೀರಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಮಂಚಗಳ ಮೇಲಿದ್ದವರು ನೀರಿನ ತಳದಲ್ಲಿ ಮಲಗಿದಂತೆ ಕಾಣುತ್ತಿದ್ದರು. ಅವರ ನಡುವೆ ನಾನು ಮೀನಿನಂತೆ, ಅದೂ ಸ್ವಲ್ಪ ಹೊಟ್ಟೆ ಬಂದ, ಸದಾ ಏನನ್ನೋ ಮರೆತಂತಿರುವ ಮೀನಿನಂತೆ, ಸುತ್ತುತ್ತಾ ಅರ್ಧ ಆಯುಷ್ಯ ಕಳೆದೆ.

ನಾನು ನರ್ಸ್. ಗಂಡು ನರ್ಸನ್ನು ಏನೆಂದು ಕರೆಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಹೀಗಾಗಿ ಸುತ್ತಲಿನ ಐದು ತಾಲೂಕಿನವರಿಗೂ ನಾನು ‘ಬ್ರದರ್’ ಆದೆ. ಹೆಣ್ಣು ನೋಡಲು ಕೂಡ್ಲಿಗಿಗೆ ಹೋದಾಗ, ಹಿಂದೆ ನಮ್ಮ ವಾರ್ಡಿನಲ್ಲಿದ್ದು ಹೋಗಿದ್ದ ಆ ಮನೆಯ ಅಜ್ಜ ಬಾಗಿಲಲ್ಲೇ ಎದ್ದು ನಿಂತು, “ಬರ್ರಿ ಬ್ರದರ್, ಒಳಗ ಬರ್ರಿ” ಎಂದ. ಅಡುಗೆಮನೆಯಲ್ಲಿ ಹುಡುಗಿ ನಕ್ಕಿದ್ದು ಕೇಳಿಸಿತು. ಈಗ ಅವಳೇ ನನ್ನ ಹೆಂಡತಿ. ಆ ನಗು ಇನ್ನೂ ಪೂರ್ತಿ ನಿಂತಿಲ್ಲ.

ಐವತ್ತು ದಾಟುತ್ತಿದ್ದಂತೆ ಸೊಂಟ ಕೈಕೊಟ್ಟಿತು. ಮಲಗಿದವರನ್ನು ಹೊರಳಿಸಿ, ಎತ್ತಿ, ಕೂರಿಸಿ ಬೆನ್ನಿನ ಮಣಿಗಳು ತಮ್ಮ ತಮ್ಮ ಜಾಗ ಬಿಟ್ಟಿದ್ದವು. ಕೆಲಸ ಬಿಟ್ಟು ಮನೆಗೆ ಬಂದೆ. ಚಿಂತೆ ಮಾತ್ರ ಕೆಲಸ ಬಿಡಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ನೋಡಿದ್ದನ್ನೇ ಮತ್ತೆ ನೋಡುತ್ತೇನೆ. ಮನೆಯಲ್ಲಿ ಇದಕ್ಕೆ ರೋಗ ಅನ್ನುತ್ತಾರೆ. ಐಸಿಯುದಲ್ಲಿ ಇದನ್ನೇ ಎಚ್ಚರ ಎಂದು ಹೊಗಳುತ್ತಿದ್ದರು.

ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. “ಸರ್, ಪೇಷಂಟ್ ನಿನ್ನೆ ಚಲೋ ಇದ್ರು, ಇವತ್ತು ಏನೇನೋ ಮಾತಾಡಾಕತ್ಯಾರ, ಕೈ ಕಾಲು ಝಾಡಿಸಾಕತ್ಯಾರ. ಏನಿರಬೇಕ್ರಿ?” ಏನು ಬೇಕಾದರೂ ಇರಬಹುದಪ್ಪ. ಮೊದಲು ಆಕ್ಸಿಜನ್ ನೋಡು, ಸಕ್ಕರೆ ನೋಡು, ಜ್ವರ ನೋಡು, ನೋವಿದೆಯೋ ಮೂತ್ರ ಕಟ್ಟಿದೆಯೋ ನೋಡು, ಡಾಕ್ಟರಿಗೆ ಹೇಳು. ಇವೆಲ್ಲದರ ಜೊತೆಗೇ ಇನ್ನೊಂದನ್ನೂ ಕೇಳಿಕೋ: ಈ ಮೈಗೆ ಯಾವುದಾದರೂ ರೂಢಿಯಾಗಿತ್ತೇ? ಅದು ಈಗ ದಿಢೀರನೆ ನಿಂತಿದೆಯೇ? ನಮ್ಮಲ್ಲಿ ಇದಕ್ಕೆ ‘ವಿತ್‌ಡ್ರಾವಲ್’ ಅನ್ನುತ್ತೇವೆ. ರೂಢಿಯಾದದ್ದು ಕೈತಪ್ಪಿದಾಗ ಮೈ ಹೂಡುವ ಹಟ ಅದು. ಪುಸ್ತಕದಲ್ಲಿ ಅದರ ಲಕ್ಷಣಗಳನ್ನು ಒಂದರ ಕೆಳಗೊಂದು ಚೆಂದವಾಗಿ ಬರೆದಿರುತ್ತಾರೆ. ಮಂಚದ ಮೇಲೆ ಅವು ಹಾಗೆ ಸಾಲಾಗಿ ಬರುವುದಿಲ್ಲ. ಬೇರೆ ಯಾವುದೋ ವೇಷ ಹಾಕಿಕೊಂಡು ಬರುತ್ತವೆ.

ನಾನು ಅದನ್ನು ಮೊದಲು ಕಂಡದ್ದು ಕೊಟ್ಟೂರಿನ ಕಡೆಯ ಒಬ್ಬ ಹಿರಿಯರಲ್ಲಿ. ತೊಡೆಯ ಮೂಳೆ ಮುರಿದು ಆಪರೇಷನ್ ಆಗಿತ್ತು. ದೊಡ್ಡ ಮನೆತನ, ಹಣೆತುಂಬ ವಿಭೂತಿ, ಮಾತು ತೂಕದ್ದು. ಎರಡು ದಿನ ಚೆನ್ನಾಗಿದ್ದವರು ಆಮೇಲೆ ನಡುಗತೊಡಗಿದರು. ಬೆವರು. ಕಣ್ಣು ಬಾಗಿಲಿನಿಂದ ಸೂರಿಗೆ, ಸೂರಿನಿಂದ ನೆಲಕ್ಕೆ ಅಲೆಯುತ್ತಿತ್ತು.

“ಏ ತಮ್ಮಾ,” ಎಂದು ನನ್ನನ್ನು ಹತ್ತಿರ ಕರೆದರು. “ಮಂಚದ ಕೆಳಗ ಆಡಿನ ಮರಿ ಹೊಕ್ಕಾವು. ಹೊರಗ ಹಾಕು. ಸಲಾಯಿನ್ ವಯರ್ ತಿನ್ನಾಕತ್ಯಾವು.”

ನಾನು ಬಗ್ಗಿ ನೋಡಿದೆ. ಇರುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ಚಿಂತೆ ಇರುವವನ ಕಷ್ಟ ಅದು.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಸುವಾರ್ತಮ್ಮ. ಬಳ್ಳಾರಿಯ ಕಡೆಯವರು, ಕನ್ನಡದ ನಡುವೆ ತೆಲುಗು ಬಂದರೆ ಸಿಟ್ಟು ಬಂದಿದೆ ಎಂದು ಅರ್ಥ. “ಚಾಲಾ ನೋಡಿದಿ ಕೆಳಗ. ಹೋಗು, ಮನಿಯವರನ್ನ ಕೇಳು, ಕುಡೀತಾರೇನು ಅಂತ,” ಎಂದು ಅಟ್ಟಿದರು.

ಹೊರಗೆ ಬೆಂಚಿನ ಮೇಲೆ ಇಡೀ ಮನೆತನ ಕೂತಿತ್ತು. ನಾನು ಎಲ್ಲರೆದುರು ನಿಂತು, “ಯಜಮಾನ್ರು ಕುಡೀತಾರೇನ್ರಿ?” ಎಂದು ಕೇಳಿದೆ. ದೊಡ್ಡ ಮಗ ಎದ್ದೇ ಬಿಟ್ಟ.

“ಏನ್ ಮಾತಂತ ಆಡ್ತೀರಿ ಬ್ರದರ್? ನಮ್ಮ ಮನ್ಯಾಗ ಉಳ್ಳಾಗಡ್ಡಿ ಹೆಚ್ಚಂಗಿಲ್ಲ. ಕುಡಿಯೋದಂತ!”

ನಾನು ಕ್ಷಮೆ ಕೇಳಿ ನಳದ ಹತ್ತಿರ ಹೋಗಿ ಮುಖ ತೊಳೆಯುತ್ತಿದ್ದೆ. ಯಜಮಾನರ ಹೆಂಡತಿ ತಂಬಿಗೆ ಹಿಡಿದು ಪಕ್ಕಕ್ಕೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ. ನೀರಿಗೆ ಹೇಳುವಂತೆ ಹೇಳಿದರು.

“ಹಂಗ ಕೇಳಿದ್ರ ಯಾರ ಹೇಳ್ತಾರಪ್ಪಾ? ಕುಡಿಯಂಗಿಲ್ಲ ಅವ್ರು. ಸಂಜಿಗೆ ಟಾನಿಕ್ ತೊಗೊಂತಾರ. ದಿನಾ. ಬಾಟ್ಲಿ ಹೊಲದಾಗ ಮೋಟರ್ ಮನ್ಯಾಗ ಇರ್ತೈತಿ.”

ಅಂದಿನಿಂದ ‘ಕುಡೀತಾರಾ’ ಎಂಬ ಮಾತನ್ನೇ ಬಿಟ್ಟುಬಿಟ್ಟೆ. ‘ಸಂಜಿಗೆ ಏನ್ ತೊಗೊಂತಾರ್ರಿ? ಮಕ್ಕೊಳ್ಳಾಕ ಏನಾರ ಗುಳಿಗಿ ಬೇಕಾಕ್ಕೈತೇನ್ರಿ?’ ಎಂದು ಕೇಳುತ್ತಿದ್ದೆ. ಅದೂ ಒಬ್ಬೊಬ್ಬರನ್ನೇ, ಬೇರೆ ಏನೋ ಕೆಲಸ ಮಾಡುತ್ತಿರುವಂತೆ ನಟಿಸುತ್ತಾ. ಒಮ್ಮೆ ಒಬ್ಬ ತಾಯಿ ಮೊಣಕಾಲು ನೋವಿಗೆ, ನಿದ್ದೆಗೆ, ಸೊಸೆಯ ಮೇಲಿನ ಸಿಟ್ಟಿಗೆ, ಎಲ್ಲದಕ್ಕೂ ಮೆಡಿಕಲ್ ಅಂಗಡಿಯ ಅದೇ ಬಿಳಿ ಗುಳಿಗೆ ವರ್ಷಗಟ್ಟಲೆ ನುಂಗುತ್ತಿದ್ದದ್ದು ಹೀಗೆಯೇ ಹೊರಬಿತ್ತು. ಮೂರ್ಛೆ ಬಂದು ನಮ್ಮಲ್ಲಿಗೆ ಬಂದಿದ್ದರು. ಗುಳಿಗೆ ತೀರಿತ್ತು, ಹಬ್ಬಕ್ಕೆ ಅಂಗಡಿ ಮುಚ್ಚಿತ್ತು. ಅಷ್ಟೇ.

ಟಾನಿಕ್ ಪ್ರಕರಣದ ಮೇಲೆ ನನಗೆ ಹೊಸ ಹುರುಪು ಬಂತು. ಯಾರು ಕೆಮ್ಮಿದರೂ ವಿತ್‌ಡ್ರಾವಲ್, ಆಕಳಿಸಿದರೂ ವಿತ್‌ಡ್ರಾವಲ್. ಹರಪನಹಳ್ಳಿಯ ಒಬ್ಬ ಬೀಡಿ ಕಟ್ಟುವವನ ತೋಳಿನ ಮೇಲೆ ಮುಳ್ಳು ಎದ್ದದ್ದು ನೋಡಿ, ಓಡಿಹೋಗಿ ನಮ್ಮ ಐಸಿಯು ನೋಡಿಕೊಳ್ಳುತ್ತಿದ್ದ ಮಂಜುನಾಥ ಡಾಕ್ಟರನ್ನು ಊಟದಿಂದ ಎಬ್ಬಿಸಿಕೊಂಡು ಬಂದೆ. ಅಷ್ಟರಲ್ಲಿ ಸುವಾರ್ತಮ್ಮ ಅವನ ಮೇಲೊಂದು ಕಂಬಳಿ ಹೊದಿಸಿ, ಏಸಿಯ ರೆಕ್ಕೆಯನ್ನು ಅತ್ತ ತಿರುಗಿಸಿದ್ದರು. ಮುಳ್ಳು ಇಳಿದಿತ್ತು.

“ಚಳಿ ಹಾಲೇಶಾ, ಚಳಿ,” ಎಂದರು. “ಮನುಷ್ಯಾಗ ಚಳಿನೂ ಹತ್ತತೈತಿ ಒಮ್ಮೊಮ್ಮೆ.”

ಡಾಕ್ಟರು ಅನ್ನ ಮೆತ್ತಿದ ಕೈಯಲ್ಲೇ ನಿಂತಿದ್ದರು. ಅಂದಿನಿಂದ ಯಾರ ಮೈಮೇಲೆ ಮುಳ್ಳು ಎದ್ದರೂ ನಾನು ಮೊದಲು ಕಂಬಳಿ ಹುಡುಕತೊಡಗಿದೆ. ಕಲಿತ ಪಾಠ ಒಮ್ಮೊಮ್ಮೆ ಹೀಗೆ ಬೇರೆ ಯೋಚನೆಗೆ ಬಾಗಿಲು ಹಾಕಿಬಿಡುತ್ತದೆ.

ಇವೆಲ್ಲ ಜನ ಮನೆಯಿಂದ ಹೊತ್ತು ತಂದ ರೂಢಿಗಳು. ನಾವೇ ಕೊಟ್ಟು ರೂಢಿ ಮಾಡಿಸಿದ ಮದ್ದು ಹೇಗೆ ತಿರುಗಿ ಬೀಳುತ್ತದೆ ಎಂಬುದನ್ನು ತೋರಿಸಿದವಳು ಹುಲಿಗೆಮ್ಮ.

ಹುಲಿಗೆಮ್ಮ ಹಡಗಲಿಯ ಕಡೆಯವಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಕೊಟ್ರಪ್ಪ ಮತ್ತು ಅವಳು ಸೇರಿ ಒಂದಿಷ್ಟು ಜಾಗದಲ್ಲಿ ಮಲ್ಲಿಗೆ ಬೆಳೆದಿದ್ದರು. ಬೆಳಗಾಗುವ ಮೊದಲೇ ಮೊಗ್ಗು ಬಿಡಿಸುವುದು, ಮನೆಗೆ ಬಂದು ಕಟ್ಟುವುದು, ಮಾಲೆ ಮಾಡಿ ಬಸ್ಸಿಗೆ ಹಾಕುವುದು. ಕೆಮ್ಮು ಜ್ವರವನ್ನು ಹೂವಿನ ಹಂಗಾಮಿನಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಮ್ಮಲ್ಲಿಗೆ ಬರುವಾಗ ನ್ಯುಮೋನಿಯಾ ಎರಡೂ ಶ್ವಾಸಕೋಶ ತುಂಬಿ ತುಟಿ ನೀಲಿಯಾಗಿತ್ತು.

ಬಾಯಿಗೆ ಪೈಪು ಇಳಿಸಿ ವೆಂಟಿಲೇಟರ್ ಹಾಕಿದರು. ಪೈಪು ಗಂಟಲಲ್ಲಿದ್ದರೆ ಎಚ್ಚರವಿರುವವರು ತಡೆಯಲಾರರು. ಅದಕ್ಕೆ ಎರಡು ಪಂಪುಗಳಲ್ಲಿ ಎರಡು ಮದ್ದು ಹನಿಹನಿಯಾಗಿ ಹೋಗುತ್ತಿರುತ್ತವೆ: ನೋವಿಗೆ ಫೆಂಟನಿಲ್, ನಿದ್ದೆಗೆ ಮಿಡಜೋಲಾಂ. ಹುಲಿಗೆಮ್ಮ ಎರಡು ವಾರದ ಹತ್ತಿರ ಹತ್ತಿರ ಆ ಹಸಿರು ಬೆಳಕಿನ ತಳದಲ್ಲಿ ಮಲಗಿದ್ದಳು. ನಾನು ಅವಳನ್ನು ಹೊರಳಿಸುವಾಗ, ಬಾಯಿ ಒರೆಸುವಾಗ ಮಾತಾಡುತ್ತಿದ್ದೆ. ಮಲಗಿದವರ ಜೊತೆ ಮಾತಾಡಬೇಕು, ಕೇಳಿಸುತ್ತದೆ. “ಯಕ್ಕಾ, ಈಗ ಎಡಕ್ಕ ಹೊಳ್ಳಿಸ್ತೀನಿ. ಯಕ್ಕಾ, ನಿನ್ನ ಗಂಡ ಹೊರಗ ಕುಂತಾನ, ಉಂಡಾನ.” ಅವಳ ರೆಪ್ಪೆಯ ಕೆಳಗೆ ಕಣ್ಣು ನಿಧಾನವಾಗಿ ಹೊರಳುತ್ತಿತ್ತು. ಯಾವ ತೋಟದಲ್ಲಿದ್ದಳೋ.

ಒಂದು ಬೆಳಿಗ್ಗೆ ಎಕ್ಸ್‌ರೇ ತಿಳಿಯಾಗಿತ್ತು. ಡಾಕ್ಟರು ಪೈಪು ತೆಗೆದರು. ಎರಡೂ ಪಂಪು ಬಂದ್ ಮಾಡಲು ಹೇಳಿದರು. ಆಗ ನಮ್ಮಲ್ಲಿ ಅದೇ ಪದ್ಧತಿ. ಪೈಪು ಹೊರಬಂದರೆ ಪಂಪಿಗೇನು ಕೆಲಸ? ನಾನು ಗುಂಡಿ ಒತ್ತಿದೆ. ಪಂಪಿನ ಸದ್ದು ನಿಂತಾಗ ಮಳೆ ನಿಂತಷ್ಟು ಹಿತವಾಯಿತು.

ಸಂಜೆ ಹೊತ್ತಿಗೆ ಅವಳ ಕೈ ಎದ್ದಿತು. ಕಣ್ಣು ಅರೆ ತೆರೆದಿತ್ತು. ಬೆರಳು ಬೆರಳು ಸೇರಿಸಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಮೊದಲು ನೋಡಿದವಳು ನೆಲ ಒರೆಸುವ ರೇಣುಕಮ್ಮ. ಕೋಲು ಹಿಡಿದು ಹಾಗೇ ನಿಂತಳು.

“ಅಯ್ಯ ನನ ತಾಯಿ, ಹೂವ ಕಟ್ಟಾಕತ್ಯಾಳ ನೋಡ್ರಿ!”

ನಾವೆಲ್ಲ ಬಂದು ನೋಡಿದೆವು. ಹೌದು, ಹೂವನ್ನೇ ಕಟ್ಟುತ್ತಿದ್ದಳು. ನಮ್ಮ ಕಡೆ ಹುಟ್ಟಿದವರಿಗೆ ಆ ಬೆರಳಿನ ಆಟ ಹೇಳಿಕೊಡಬೇಕಿಲ್ಲ. ಜಗಲಿಯ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಟಿವಿ ಮುಂದೆ ಕೂತು ಅವ್ವ, ಅಕ್ಕ, ಚಿಗವ್ವ ಎಲ್ಲರೂ ಹಾಗೆ ಬೆರಳು ಆಡಿಸುವುದನ್ನು ನೋಡುತ್ತಲೇ ಬೆಳೆದವರು ನಾವು. ಬೇರೆ ಕಡೆಯವರಾಗಿದ್ದರೆ ‘ಯಾಕೆ ಕೈ ಆಡಿಸುತ್ತಿದ್ದಾಳೆ’ ಎಂದು ಕೇಳುತ್ತಿದ್ದರು. ನಾವು ಕೇಳಲೇ ಇಲ್ಲ. ಆಕ್ಸಿಜನ್ ಯಂತ್ರಗಳ ನಡುವೆ ನಿಂತು ನನಗೆ ಮಲ್ಲಿಗೆಯ ವಾಸನೆ ಬಂದಂತಾಯಿತು ಎಂದರೆ ನಂಬಿ.

“ಎಷ್ಟ ಮೊಳ ಆತು ಯಕ್ಕಾ?” ಎಂದು ಕೇಳಿದೆ.

“ನನಗೊಂದು ತುಂಡ ಇಡು,” ಎಂದಳು ರೇಣುಕಮ್ಮ.

ಸುವಾರ್ತಮ್ಮ ಕೂಡ ನಕ್ಕರು. ಕೈ ಆಡಿಸುವವರು ನಳಿಗೆ ಕಿತ್ತುಕೊಂಡಾರು ಎಂದು ಗಾಜ್ ಬಟ್ಟೆಯಲ್ಲಿ ಅವರ ಕೈಗಳನ್ನು ಮಂಚಕ್ಕೆ ಕಟ್ಟುವುದು ರೂಢಿ. ಅವರೇ ಬಟ್ಟೆ ವಾಪಸ್ ಇಟ್ಟರು. “ಪಾಪ, ಕಟ್ಟಲಿ ಬಿಡು.” ನಾನು ಹೊರಗೆ ಹೋಗಿ ಕೊಟ್ರಪ್ಪನಿಗೆ ಹೇಳಿದೆ.

ಅವನು ಟವೆಲ್ಲಿನಿಂದ ಮುಖ ಒತ್ತಿಕೊಂಡ. “ಹೂವ ಕಟ್ಟಾಕತ್ಯಾಳೇನ್ರಿ? ಹಂಗಾದ್ರ ಬದುಕಿದ್ಲು ಬಿಡ್ರಿ.”

ಮರುದಿನ ಅವಳು ಯಾರನ್ನೂ ಗುರುತಿಸಲಿಲ್ಲ. ನಾಡಿ ಓಡುತ್ತಿತ್ತು. ಮೈ ಕಾಯುತ್ತಿತ್ತು, ಹಾಸಿಗೆ ಒದ್ದೆಯಾಗುವಷ್ಟು ಬೆವರು. ನೀರು ಕುಡಿಸಿದರೆ ವಾಂತಿ, ಮೇಲಿಂದ ಮೇಲೆ ಭೇದಿ. ಆಕ್ಸಿಜನ್ ಮಾಸ್ಕ್ ಹಾಕಿದರೆ ಕಿತ್ತು ಬಿಸಾಡುತ್ತಿದ್ದಳು. ಗಂಟಲು ಕಟ್ಟಿ ಧ್ವನಿ ಹೊರಡದಿದ್ದರೂ ಬಾಯಿ ಕೂಗುತ್ತಿತ್ತು. ಕೈ ಮಾತ್ರ ಬಿಡುವಿಲ್ಲದೆ ಗಾಳಿಯಲ್ಲಿ ನಡೆದೇ ಇತ್ತು.

ಮಂಜುನಾಥ ಡಾಕ್ಟರ್ ಸೋಂಕು ಮತ್ತೆ ಬಂದಿರಬೇಕೆಂದು ರಕ್ತ ಪರೀಕ್ಷೆಗೆ ಕಳಿಸಿದರು, ಔಷಧ ಬದಲಿಸಿದರು. ಆ ಜ್ವರ ನೋಡಿದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಕೊಟ್ರಪ್ಪನನ್ನು ಕರೆದು, ಉಸಿರು ಸೋತರೆ ಮತ್ತೆ ಪೈಪು ಹಾಕಬೇಕಾದೀತು ಎಂದು ತಿಳಿಸಿದರು.

ಅವನು ಒಳಗೆ ಬಂದು ಹೆಂಡತಿಯನ್ನು ನೋಡಿದ. ಅವಳು ಅವನ ಕಡೆ ನೋಡಿ, ಅವನ ಮೂಲಕ ಹಿಂದಿನ ಗೋಡೆಯನ್ನು ನೋಡಿದಳು.

“ಬ್ಯಾಡ್ರಿ ಸರ,” ಎಂದ. “ಮತ್ತ ಪೈಪ್ ಹಾಕಬ್ಯಾಡ್ರಿ. ಆಕಿ ಇಲ್ಲಿ ಇಲ್ಲ, ಆಗಲೇ ಹೋಗ್ಯಾಳ. ಮನಿಗೆ ಒಯ್ತೀವಿ. ತ್ವಾಟದ ಗಾಳಿಯೊಳಗ ಜೀವ ಬಿಡ್ಲಿ. ಗಾಡಿಗೆ ಹೇಳೀನಿ, ಬಿಸಿಲು ಇಳಿದ ಮ್ಯಾಲೆ ಬರ್ತೈತಿ.”

ಡಾಕ್ಟರು ಹೇಳಿದರು, ಸುವಾರ್ತಮ್ಮ ಹೇಳಿದರು, ನಾನೂ ಹೇಳಿದೆ. ಆ ಶ್ವಾಸಕೋಶ ಇಟ್ಟುಕೊಂಡು, ಆಕ್ಸಿಜನ್ ಇಲ್ಲದೆ ಅವಳು ಹಡಗಲಿ ಮುಟ್ಟುವುದೂ ಕಷ್ಟವಿತ್ತು. ಕೊಟ್ರಪ್ಪ ತಲೆ ಆಡಿಸುತ್ತಾ ಕೇಳಿದ. ಒಪ್ಪಲಿಲ್ಲ. ಒಯ್ಯಬೇಡವೆನ್ನಲು ನಮ್ಮ ಹತ್ತಿರ ಏನಿತ್ತು? ಹುಷಾರಾಗುತ್ತಾಳೆ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಮಗಳು ಬಂದಳು. ಶಾಂತಾ ಅಂತ, ಹಂಪಸಾಗರಕ್ಕೆ ಕೊಟ್ಟಿದ್ದರು. ಹಸಿ ಬಾಣಂತಿ, ಅಷ್ಟು ದಿನ ಬರಲಾಗಿರಲಿಲ್ಲ. ತಾಯಿಯನ್ನು ಒಯ್ಯುವ ಸುದ್ದಿ ಕೇಳಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಓಡಿ ಬಂದಿದ್ದಳು. ಮಂಚದ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದಳು.

“ಏನ್ ಮಾಡಾಕತ್ಯಾಳ ಅಣ್ಣಾ ಅವ್ವ?”

ಅಷ್ಟಾದರೂ ಸಮಾಧಾನ ಸಿಗಲಿ ಎಂದು ನಾನು ಮೆತ್ತಗೆ, “ಹೂವ ಕಟ್ಟಾಕತ್ಯಾಳ ತಂಗಿ. ಕೈಗೆ ಇನ್ನೂ ನೆನಪೈತಿ,” ಎಂದೆ.

ಅವಳು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದಳು. “ಹೂವ ಕಟ್ಟೋರು ಹೂವ ಒಗೀತಾರೇನು?”

“ಏನು?”

“ನೋಡ್ರಿಲ್ಲಿ. ಹಿಡಿತಾಳ, ಒಗೀತಾಳ. ಹಿಡಿತಾಳ, ಒಗೀತಾಳ. ದಾರ ಸುತ್ತವಲ್ಲಳು, ಗಂಟು ಹಾಕವಲ್ಲಳು. ಮತ್ತ ಹಿಡಿಯಾದು ಗಾಳ್ಯಾಗ ಅಲ್ಲ ಅಣ್ಣಾ. ತೋಳ ಮ್ಯಾಲಿಂದ, ಕುತಿಗಿ ಮ್ಯಾಲಿಂದ ಹೆಕ್ಕಾಕತ್ಯಾಳ. ನಮ್ಮವ್ವ ಒಂದ ಮೊಗ್ಗ ನೆಲಕ್ಕ ಬಿದ್ರ ನನಗ ಬೈತಿದ್ಲು. ಹಿಂಗ ಒಗೀತಾಳೇನು?”

ನಾನು ನೋಡಿದೆ. ಅಷ್ಟು ಹೊತ್ತು ಕೈಯನ್ನೇ ನೋಡುತ್ತಿದ್ದವನು, ಕೈ ಎಲ್ಲಿಂದ ಏಳುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಮೊದಲ ಬಾರಿಗೆ ನೋಡಿದೆ. ಮಗಳು ಹೇಳಿದ್ದು ನಿಜ. ಮಾಲೆ ಕರಗಿಹೋಯಿತು. ಕೆಳಗೆ ಒಬ್ಬ ಹೆಂಗಸು ತನ್ನ ಚರ್ಮದ ಮೇಲಿಂದ ಏನನ್ನೋ ಕಿತ್ತು ಕಿತ್ತು ಎಸೆಯುತ್ತಿದ್ದಳು.

ಕನಸು ಹರಿದ ಕೂಡಲೇ ಉಳಿದದ್ದೂ ಕಾಣತೊಡಗಿತು. ತೋಳಿನ ಮೇಲೆ ಮುಳ್ಳು ಎದ್ದು ನಿಂತಿತ್ತು. ಬೆಳಿಗ್ಗೆಯೇ ಕಂಡಿದ್ದೆ, ಹರಪನಹಳ್ಳಿಯವನನ್ನು ನೆನೆದು ಕಂಬಳಿ ಹೊದಿಸಿದ್ದೆ. ಕಂಬಳಿಯ ಕೆಳಗೂ ಮುಳ್ಳು ಹಾಗೇ ಇತ್ತು. ಒಂದರ ಹಿಂದೊಂದು ಆಕಳಿಕೆ. ಅದನ್ನು ನಿದ್ದೆಗಣ್ಣು ಅಂದುಕೊಂಡಿದ್ದೆ. ಮೂಗು ಸೋರುತ್ತಿತ್ತು, ನೆಗಡಿ ಅಂದುಕೊಂಡಿದ್ದೆ. ಕಣ್ಣೀರನ್ನು ಮನೆಯ ನೆನಪು ಅಂದುಕೊಂಡಿದ್ದೆ. ಟಾರ್ಚು ಬಿಟ್ಟು ನೋಡಿದೆ. ಕಣ್ಣಿನ ಪಾಪೆ ಕತ್ತಲಲ್ಲಿ ಇರುವವರಂತೆ ಅಗಲವಾಗಿ ಅರಳಿತ್ತು. ಒಂದೊಂದಕ್ಕೂ ಒಂದೊಂದು ಕಾರಣ ಕೊಟ್ಟು ಕೂರಿಸಿದ್ದೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ನೋಡಿರಲಿಲ್ಲ.

ಸುವಾರ್ತಮ್ಮನ ಹತ್ತಿರ ಹೋಗಿ ನಿಂತೆ. “ಸಿಸ್ಟರ್, ಒಂದ ಮಾತು. ನಗಬ್ಯಾಡ್ರಿ.”

“ಹೇಳು.”

“ಪಂಪ್ ಬಂದ್ ಮಾಡಿದ ಮ್ಯಾಲೆ ಅಲ್ಲ ಇದೆಲ್ಲ ಶುರು ಆಗಿದ್ದು?”

ಅವರು ನಗಲಿಲ್ಲ. ಮಂಚದ ಹತ್ತಿರ ಬಂದರು, ಕಂಬಳಿ ಸರಿಸಿದರು, ತೋಳು ಸವರಿದರು. “ದೇವುಡಾ,” ಎಂದರು. ಸಿಟ್ಟು ನನ್ನ ಮೇಲಲ್ಲ ಎಂದು ಗೊತ್ತಾಯಿತು.

ಡಾಕ್ಟರು ಬಂದರು. ಕೇಳಿಸಿಕೊಂಡು ಕುರ್ಚಿಯ ಮೇಲೆ ಕೂತರು. “ಬೆಳಿಗ್ಗೆ ಒಂದ್ಸಲ ತಲೆಗೆ ಬಂದಿತ್ತು ಹಾಲೇಶ. ಜ್ವರ ನೋಡಿ ಕೈಬಿಟ್ಟೆ. ಸೋಂಕು, ವಿತ್‌ಡ್ರಾವಲ್ ಎರಡೂ ಇರಬಹುದು. ಸೋಂಕಿನ ಔಷಧಿ ನಿಲ್ಲಿಸೋದು ಬೇಡ. ಇದನ್ನೂ ಕೊಟ್ಟು ನೋಡೋಣ.” ದಾವಣಗೆರೆಯ ದೊಡ್ಡ ಐಸಿಯುದಲ್ಲಿದ್ದ ತಮ್ಮ ಗೆಳೆಯನಿಗೆ ಫೋನ್ ಹಚ್ಚಿ ಬಹಳ ಹೊತ್ತು ಮಾತಾಡಿದರು. ಸಕ್ಕರೆ, ಆಕ್ಸಿಜನ್ ಮತ್ತೆ ನೋಡಿಸಿದರು. ಆಮೇಲೆ ಕೊಟ್ರಪ್ಪನಿಗೆ ತಿಳಿಸಿ ಹೇಳುವ ಕೆಲಸ ನನಗೆ ಬಂತು. ಊರ ಮಾತು ನಿನಗೆ ಚೆನ್ನಾಗಿ ಬರುತ್ತದೆ ಎಂದರು.

“ನಿಲ್ಲಿಸಿದ್ದ ಮದ್ದನ್ನ ಮತ್ತ ಸ್ವಲ್ಪ ಕೊಡ್ತೀವಿ,” ಎಂದೆ.

ಕೊಟ್ರಪ್ಪನ ಕಣ್ಣು ಕಿರಿದಾಯಿತು. “ಅಂದ್ರ? ಆಕಿಗೆ ಚಟ ಹಚ್ಚೀರೇನು?”

“ಚಟ ಅಲ್ಲಪ್ಪಾ. ಮೈಗೆ ರೂಢಿ ಆಗೈತಿ. ಪೈಪ್ ತಡಕೊಳ್ಳಲಿ ಅಂತ ನಾವೇ ಆಕೀನ ಮಾಳಿಗಿ ಮ್ಯಾಲೆ ಹತ್ತಿಸಿದ್ವಿ. ಕೆಲಸ ಆತು ಅಂತ ನಿಚ್ಚಣಿಕಿ ತಗದುಬಿಟ್ವಿ. ಈಗ ಮ್ಯಾಲೆ ನಿಂತು ಒದ್ದಾಡಾಕತ್ಯಾಳ. ಹೋಗಿಲ್ಲ ಆಕಿ. ಇಳಿಯಾಕ ದಾರಿ ಇಲ್ಲ ಅಷ್ಟ.”

ಶಾಂತಾ ಅಪ್ಪನ ತೋಳು ಹಿಡಿದುಕೊಂಡಳು.

“ಖರೇನ?” ಕೊಟ್ರಪ್ಪ ಕೇಳಿದ.

“ಖರೇ ಅನ್ನಸ್ತೈತಿ,” ಎಂದೆ. ಪೂರ್ತಿ ಖಾತ್ರಿ ಎಂದು ಹೇಳುವ ಜಾಯಮಾನ ನನ್ನದಲ್ಲ. ಆ ಕ್ಷಣದಲ್ಲಿ ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಖಾತ್ರಿಯಾಗಿ ಹೇಳಬಾರದಿತ್ತೇ?

ಕೊಟ್ರಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡ. “ಗಾಡಿ ಬರೂತನಾ ನೋಡೂನು. ಹಾಕ್ರಿ ನಿಚ್ಚಣಿಕಿ.”

ಪಂಪು ಮತ್ತೆ ಶುರುವಾಯಿತು, ಮೊದಲಿಗಿಂತ ಬಹಳ ಕಡಿಮೆ. ಉಸಿರು ಮಂದವಾದೀತು ಎಂಬ ಭಯಕ್ಕೆ ನಾನು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತೆ. ಹಸಿರು ಬೆಳಕು ಗೋಡೆಯ ಮೇಲೆ ನಿಧಾನವಾಗಿ ಜಾರುತ್ತಿತ್ತು. ಅವಳ ಎದೆ ಏರುವುದು, ಇಳಿಯುವುದು, ಮಾನಿಟರಿನ ಗೆರೆ, ಪಂಪಿನ ಸಣ್ಣ ಗೊಣಗು, ಎಲ್ಲ ಸೇರಿ ನನ್ನ ಕಣ್ಣೂ ಎಳೆಯತೊಡಗಿದವು. ಅರೆನಿದ್ದೆಯಲ್ಲಿ ನಾನು ಯಾವುದೋ ಮಾಳಿಗೆಯ ಕೆಳಗೆ ನಿಚ್ಚಣಿಕೆ ಹಿಡಿದು ನಿಂತಿದ್ದೆ. ಮೇಲೆ ಯಾರೂ ಕಾಣುತ್ತಿರಲಿಲ್ಲ. ‘ಯಕ್ಕಾ, ಕಾಲು ಇಡು’ ಅನ್ನುತ್ತಿದ್ದೆ. ಬೆಚ್ಚಿ ಕಣ್ಣು ಬಿಟ್ಟರೆ ನಾಡಿಯ ಅಂಕಿ ಇಳಿದಿತ್ತು. ತೋಳು ಸವರಿದೆ. ಚರ್ಮ ನುಣ್ಣಗಾಗಿತ್ತು. ಬೆರಳುಗಳು ಹಿಡಿಯುತ್ತಿದ್ದವು, ಆದರೆ ಎಸೆಯುವುದನ್ನು ಮರೆತು ನಡುವೆ ನಿಲ್ಲುತ್ತಿದ್ದವು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಕೊಟ್ರಪ್ಪ ಒಳಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಮಂಚದ ಕಾಲ ಬಳಿ ನಿಂತ. ಹುಲಿಗೆಮ್ಮ ಅವನ ಕಡೆ ತಿರುಗಿದಳು. ಈ ಸಲ ದೃಷ್ಟಿ ಗೋಡೆಗೆ ಹೋಗಲಿಲ್ಲ, ಅವನ ಮುಖದ ಮೇಲೇ ನಿಂತಿತು. ತುಟಿ ಅಲ್ಲಾಡಿದವು. ಶಾಂತಾ ಬಗ್ಗಿ ಕಿವಿ ಇಟ್ಟಳು.

“ಏನಂತಾಳ?” ಕೊಟ್ರಪ್ಪ ಕೇಳಿದ.

“ತ್ವಾಟಕ್ಕ ನೀರ ಬಿಟ್ಟೀರೋ ಇಲ್ಲೋ ಅಂತಾಳ.”

ಅವನು ಗಾಡಿಯವನಿಗೆ ಹೇಳಲು ಹೋದ. ಮೆಟ್ಟಿಲ ಮೇಲೆ ಜೋರು ಜಗಳ ಕೇಳಿಸಿತು, ಬಂದದ್ದಕ್ಕೆ ಬಾಡಿಗೆ ಕೊಡುವ ವಿಷಯಕ್ಕೆ. ಅಷ್ಟು ಖುಷಿಯಿಂದ ಜಗಳವಾಡುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಮೇಲಿನದು ಇಳಿಸುವ ಕೆಲಸ. ದಿನದಿನಕ್ಕೆ ಸ್ವಲ್ಪ ಸ್ವಲ್ಪ. ಒಂದು ದಿನ ನಮ್ಮ ಡಾಕ್ಟರಿಗೆ ಅವಸರವಾಗಿ ಎರಡು ಮೆಟ್ಟಿಲು ಒಟ್ಟಿಗೆ ಇಳಿಸಿದರು. ಮಧ್ಯಾಹ್ನಕ್ಕೆ ಆಕಳಿಕೆ, ಮೂಗು, ಮುಳ್ಳು ಎಲ್ಲ ಹಾಜರ್. ಮತ್ತೆ ಒಂದು ಮೆಟ್ಟಿಲು ಹತ್ತಿಸಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಹೊಸ ಸೋಂಕು ಏನೂ ಬರಲಿಲ್ಲ. ಅಂದಿನಿಂದ ನಮ್ಮಲ್ಲಿ ಪದ್ಧತಿ ಬದಲಾಯಿತು. ಬಹಳ ದಿನ ಮದ್ದಿನಲ್ಲಿದ್ದವರ ಪಂಪನ್ನು ಒಮ್ಮೆಲೇ ಬಂದ್ ಮಾಡುವುದನ್ನು ಬಿಟ್ಟೆವು. ಬೆಳಗಿನ ರೌಂಡ್ಸಿನಲ್ಲಿ ಸುವಾರ್ತಮ್ಮ ಮೊದಲು ಕೇಳುತ್ತಿದ್ದದ್ದು, “ಇವತ್ತು ಎಷ್ಟು ಇಳಿಸಿದಿ? ಆಕಳಿಕಿ ಐತೇನು? ಕಣ್ಣು ನೋಡಿದೇನು? ಕಂಬಳಿ ತಗದು ತೋಳು ನೋಡಿದೇನು?” ಈಗಿನ ಆಸ್ಪತ್ರೆಗಳಲ್ಲಿ ಇದಕ್ಕೆಲ್ಲ ಅಂಕ ಹಾಕುವ ಕ್ರಮ ಬಂದಿದೆ, ಮೊದಲಿನಿಂದಲೇ ಮದ್ದು ಹಗುರವಾಗಿ ಕೊಡುತ್ತಾರೆ. ಒಳ್ಳೆಯದು. ಅಂಕ ಹಾಕುವ ಮೊದಲು ಕಂಬಳಿ ಸರಿಸಿ, ಅಷ್ಟೇ ನಾನು ಹೇಳುವುದು.

ಹುಲಿಗೆಮ್ಮನ ಧ್ವನಿ ಮರಳಿದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಸಲಿಗೆಯಿಂದ, “ಯಕ್ಕಾ, ಮಲಗಿದಾಗೂ ಹೂವ ಕಟ್ಟತಿದ್ದಿ ನೋಡು ನೀನು,” ಎಂದೆ.

ಅವಳು ಚಮಚ ತಡೆದಳು. “ಹೂವ? ಎಲ್ಲೀ ಹೂವೋ ತಮ್ಮಾ? ಇರಿವಿ. ಮೈತುಂಬ ಕೆಂಪಿರಿವಿ ಹತ್ತಿದ್ವು. ತಗದಷ್ಟೂ ಬರ್ತಿದ್ವು, ಕಣ್ಣಾಗ, ಕಿವ್ಯಾಗ. ನೀವೆಲ್ಲ ಸುತ್ತ ನಿಂತಿದ್ರಿ. ತಗೀರೋ, ತಗೀರೋ ಅಂದ್ರ ನನಗ ಬಾಯಿ ಬರವಲ್ದು. ನೀ ನನ್ನ ನೋಡಿ ಎಷ್ಟ ಮೊಳ ಆತು ಅಂತ ನಗತಿದ್ದಿ.”

ನನ್ನ ಕೈಯಲ್ಲಿ ಗಂಜಿಯ ಬಟ್ಟಲು ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

“ಕೇಳಸ್ತಿತ್ತೇನು ಯಕ್ಕಾ?”

“ಎಲ್ಲಾ ಕೇಳಸ್ತಿತ್ತು.” ಆಮೇಲೆ ಸಣ್ಣಗೆ ಹೇಳಿದಳು. “ಈಗ ಕಣ್ಣ ಮುಚ್ಚಾಕ ಅಂಜಿಕಿ ಬರ್ತೈತಿ. ಮುಚ್ಚಿದ್ರ ಮತ್ತ ಬರ್ತಾವೇನೋ ಅಂತ.”

ಹಾಗಾದರೆ ಮದ್ದು ಇಳಿಸುತ್ತಿದ್ದ ಅಷ್ಟು ದಿನವೂ ಅವಳು ಮಲಗಿದಂತೆ ಕಂಡದ್ದು ನಿದ್ದೆಯಾಗಿರಲಿಲ್ಲ. ಮೆಟ್ಟಿಲುಗಳೆಲ್ಲ ಮುಗಿಯುತ್ತ ಬಂದಿದ್ದವು, ಆದರೆ ನೆಲಕ್ಕೆ ಕಾಲಿಡಲು ಅವಳು ಇನ್ನೂ ಹೆದರುತ್ತಿದ್ದಳು. ಡಾಕ್ಟರಿಗೆ ಹೇಳಿದೆ. ಇದಕ್ಕೆ ಮತ್ತೊಂದು ಗುಳಿಗೆ ಬೇಡ, ಪಕ್ಕದಲ್ಲಿ ಯಾರಾದರೂ ಇರಲಿ ಎಂದರು. ಶಾಂತಾ ಕೂಸಿನ ಸಲುವಾಗಿ ಊರಿಗೆ ಹೋಗಿದ್ದಳು. ಕೊಟ್ರಪ್ಪ ತೋಟಕ್ಕೆ ನೀರು ಬಿಡಲು ಹೋಗಿದ್ದ. ನಾನು ಕಿಟಕಿಯ ಹಸಿರು ಕಾಗದದ ಒಂದು ಮೂಲೆ ಕಿತ್ತೆ. ನಿಜವಾದ ಬಿಸಿಲಿನ ಒಂದು ತುಂಡು ಅವಳ ಕಾಲ ಮೇಲೆ ಬಿತ್ತು. ಸ್ಟೂಲ್ ಎಳೆದುಕೊಂಡು ಕೂತೆ.

“ಮಕ್ಕೊ ಯಕ್ಕಾ. ಇರಿವಿ ಬಂದ್ರ ನಾ ತಗೀತೀನಿ.”

“ನಿನಗ ಕಾಣ್ತಾವೇನು?”

“ಕಾಣಂಗಿಲ್ಲ. ನೀ ಎಲ್ಲೈತಿ ಅಂತ ಹೇಳು, ತಗೀತೀನಿ.”

ಒಂದೆರಡು ಸಲ ತೋರಿಸಿದಳು. ಮೊಣಕೈ ಹತ್ತಿರ ಒಂದು, ಕತ್ತಿನ ಮೇಲೊಂದು. ಅಲ್ಲಿ ಏನೂ ಇಲ್ಲವೆಂದು ಮೆತ್ತಗೆ ಹೇಳಿದೆ. ಹೇಳುತ್ತಲೇ ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಆಮೇಲೆ ತೋರಿಸುವುದು ನಿಂತಿತು. ಕಣ್ಣು ಮುಚ್ಚಿದಳು. ಉಸಿರು ಉದ್ದವಾಯಿತು. ಎರಡೂ ಕೈ ಹೊಟ್ಟೆಯ ಮೇಲೆ, ಅಂಗೈ ಮೇಲಾಗಿ, ಬೆರಳು ಬಿಚ್ಚಿ, ಸುಮ್ಮನೆ ಬಿದ್ದವು. ಏನೂ ಹಿಡಿಯುತ್ತಿರಲಿಲ್ಲ, ಏನೂ ಎಸೆಯುತ್ತಿರಲಿಲ್ಲ.

ಪಂಪು ನಿಲ್ಲಿಸಿದ ದಿನದಿಂದ ಆ ಕೈ ಅಷ್ಟು ನಿಶ್ಚಲವಾಗಿದ್ದದ್ದನ್ನು ನಾನು ನೋಡೇ ಇರಲಿಲ್ಲ. ಬಗ್ಗಿ ಮಣಿಕಟ್ಟು ಹಿಡಿದು ನಾಡಿ ಹುಡುಕಿದೆ.

ಅವಳು ಕಣ್ಣು ತೆರೆಯದೆಯೇ ಕೈ ಹಿಂದಕ್ಕೆ ಎಳೆದುಕೊಂಡಳು. “ಬಿಡೋ ಯಪ್ಪಾ,” ಎಂದಳು. “ನಿದ್ದಿ ಬಂದೈತಿ.”